ಪಟ್ಟಿ ಮೇಷ್ಟ್ರ ಎಲೆಕೋಸು

ಮೂರನೆಯ ದಿನವೂ ಎಲೆಕೋಸು ಊಟದ ಮೇಜಿನ ಮೇಲೆಯೇ ಇತ್ತು. ಅದನ್ನು ಹೆಚ್ಚುವ ಧೈರ್ಯ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಹೊಲದವನು ತಾನೇ ಕಿತ್ತು, ಅಂಗಿಯ ತುದಿಯಿಂದ ಮಣ್ಣು ಒರೆಸಿ, ಪತ್ರಿಕೆಯವರ ಕ್ಯಾಮೆರಾದ ಎದುರು ಪಟ್ಟಿ ಮೇಷ್ಟ್ರ ಕೈಗೆ ಕೊಟ್ಟಿದ್ದ ಎಲೆಕೋಸು ಅದು. ಮರುದಿನದ ಪತ್ರಿಕೆಯಲ್ಲಿ ಮೇಷ್ಟ್ರು ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ನಿಂತಿದ್ದರು. ಹಿಂದೆ ಮೂಗು ಮಣ್ಣಿನಲ್ಲಿ ಹೂತ ಪುಟ್ಟ ವಿಮಾನ, ಮೇಲೆ ದಪ್ಪಕ್ಷರದಲ್ಲಿ ‘ಇಂಜಿನ್ ಸತ್ತಿತು, ಇಬ್ಬರು ಬದುಕಿದರು’. ಅತ್ತೆ ಆ ಪುಟವನ್ನು ಕತ್ತರಿಸಿ ಎಲೆಕೋಸಿನ ಕೆಳಗೆ ಹಾಸಿದ್ದರು. ಬಂದವರಿಗೆಲ್ಲ ಮೊದಲು ಎಲೆಕೋಸನ್ನು, ಆಮೇಲೆ ಅಳಿಯನನ್ನು ತೋರಿಸುತ್ತಿದ್ದರು. ಇಪ್ಪತ್ತೆರಡು ವರ್ಷ, ಅಳಿಯ ಏನು ಮಾಡುತ್ತಾರೆಂದು ಯಾರಾದರೂ ಕೇಳಿದರೆ, ‘ಅದೊಂಥರಾ ಡ್ರೈವಿಂಗ್ ಸ್ಕೂಲು’ ಎಂದು ಮಾತು ತೇಲಿಸುತ್ತಿದ್ದ ಅದೇ ಅತ್ತೆ ಈಗ, ‘ಅವರ ಕೈ ಅಂದ್ರೆ ಕೈ ಕಣ್ರೀ, ನಾನು ಹುಡುಗನ್ನ ನೋಡೋಕೆ ಬಂದಾಗ್ಲೇ ಗಮನಿಸಿದ್ದೆ’ ಎನ್ನುತ್ತಿದ್ದರು. ಕೈಯ ಮಾತು ಬಂದಾಗಲೆಲ್ಲ ಮೇಷ್ಟ್ರು ತಮ್ಮ ಎಡಗೈಯನ್ನು ಮೇಜಿನ ಕೆಳಕ್ಕೆ ಎಳೆದುಕೊಳ್ಳುತ್ತಿದ್ದರು. ತಪ್ಪು ಮಾಡಿದ್ದು ಆ ಕೈ. ಅದು ಅವರೊಬ್ಬರಿಗೇ ಗೊತ್ತಿತ್ತು.

ಅಂದು ಸಂಜೆ ನಾಲ್ಕಕ್ಕೆ, ಮೇಷ್ಟ್ರು ವಿಮಾನ ಹಾರಿಸಲು ಕಲಿಸುವ ಕ್ಲಬ್ಬಿನಲ್ಲಿ ಸನ್ಮಾನ. ಹೆಂಡತಿ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತ, ‘ರೀ, ಹಾಲು ಇಳಿಸಿ ಗ್ಯಾಸ್ ಆಫ್ ಮಾಡಿದ್ರಾ?’ ಎಂದು ಕೂಗಿದಳು. ‘ಮಾಡಿದೆ’ ಎಂದರು. ಆದರೂ ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅಡುಗೆಮನೆಗೆ ಹೋಗಿ, ಒಲೆಯ ಗುಂಡಿಯನ್ನು ಕೈಯಿಂದ ಮುಟ್ಟಿ, ಅರ್ಧ ತಿರುವಿ, ಮತ್ತೆ ಮುಚ್ಚಿ ಬಂದಳು. ಮದುವೆಯಾದಂದಿನಿಂದ ಹೀಗೇ. ಮೊದಮೊದಲು ಮೇಷ್ಟ್ರು ನಗುತ್ತಿದ್ದರು, ಆಮೇಲೆ ಸಿಡುಕುತ್ತಿದ್ದರು. ವಿಮಾನ ಹಾರಿಸುವವನ ಮಾತಿನ ಮೇಲೆ ನಂಬಿಕೆಯಿಲ್ಲವೇ ಎಂದು ಕೇಳಿದ್ದೂ ಉಂಟು. ‘ನಂಬಿಕೆ ಇದೆ. ಆದ್ರೆ ಬಾಯಲ್ಲಿ ಮುಚ್ಚಿದೆ ಅಂದ್ರೆ ಗುಂಡಿ ಮುಚ್ಚುತ್ತಾ?’ ಎಂದಿದ್ದಳು ಒಮ್ಮೆ. ಇಂದು ಅವರಿಗೆ ನಗುವೂ ಬರಲಿಲ್ಲ, ಸಿಡುಕೂ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಗುಂಡಿಯನ್ನೇ ನೋಡಿದರು. ‘ಏನ್ರೀ, ಹೊಟ್ಟೆ ಸರಿಯಿಲ್ವಾ?’ ಎಂದಳು ಹೆಂಡತಿ.

ಪಟ್ಟಿ ಮೇಷ್ಟ್ರು ಎಂಬ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಇಂಜಿನ್ ಚಾಲೂ ಮಾಡುವ ಮೊದಲು ಓದಬೇಕಾದ ಪಟ್ಟಿಯೊಂದು ಪ್ರತಿ ವಿಮಾನದಲ್ಲೂ ದಾರ ಕಟ್ಟಿ ತೂಗುಹಾಕಿರುತ್ತದೆ. ಮೇಷ್ಟ್ರಿಗೆ ಅದು ಬಾಯಿಪಾಠ. ‘ಬಾಗಿಲು ಭದ್ರ, ಬೆಲ್ಟು ಬಿಗಿ, ಬ್ರೇಕು ಹಿಡಿದಿದೆ, ಪೆಟ್ರೋಲ್ ತೆರೆದಿದೆ’ ಎಂದು ಶುರುವಾದರೆ ಹದಿನೆಂಟು ಸಾಲೂ ಒಂದೇ ಉಸಿರಿಗೆ, ಎರಡರ ಮಗ್ಗಿ ಹೇಳಿದ ಹಾಗೆ. ಹೇಳುತ್ತ ಬೆರಳು ಒಂದೊಂದರ ಮೇಲೂ ಹಾರಿ ಕೂತು ಹೋಗುತ್ತಿತ್ತು. ಹೊಸ ವಿದ್ಯಾರ್ಥಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬೇರೆ ಊರಿನ ಕ್ಲಬ್ಬಿನಿಂದ ಬಂದ ಇಬ್ಬರು ಅದನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಕಾಗದ ನೋಡಿ ಓದುವವರನ್ನು ಕಂಡರೆ ಮೇಷ್ಟ್ರಿಗೆ ಕನಿಕರ.

ಆ ದಿನ ಹಲ್ಲಿನ ಡಾಕ್ಟರಮ್ಮ ಪಾಠಕ್ಕೆ ಬಂದಿದ್ದರು. ನಲವತ್ತೈದರ ಹೆಂಗಸು, ಹಾರುವುದನ್ನು ಕಲಿಯಲು ಬಂದು ಎಂಟು ತಿಂಗಳಾಗಿತ್ತು. ಅವರ ಕೈ ಎಂದೂ ನಡುಗದು. ಒಂದು ಸುತ್ತು ಹಾರಿ ಇಳಿದು, ರನ್‌ವೇಯ ಬುಡದಲ್ಲಿರುವ ಕ್ಯಾಂಟೀನಿನ ಮುಂದೆ ವಿಮಾನ ನಿಲ್ಲಿಸಿ ಇಬ್ಬರೂ ಚಹಾ ಕುಡಿದರು. ಇಳಿಯುವಾಗ ಮೇಷ್ಟ್ರು ಎರಡು ಸೀಟುಗಳ ನಡುವೆ ನೆಲದಲ್ಲಿರುವ ಪೆಟ್ರೋಲಿನ ಕೆಂಪು ವಾಲ್ವನ್ನು ಮುಚ್ಚಿದರು. ಬೇರೆ ಎಲ್ಲೂ ಯಾರೂ ಹತ್ತು ನಿಮಿಷದ ಚಹಾಕ್ಕೆ ವಾಲ್ವು ಮುಚ್ಚುವುದಿಲ್ಲ. ಇದು ಈ ಕ್ಲಬ್ಬಿನದೇ ಕಟ್ಟಳೆ. ಎಂದೋ ಒಮ್ಮೆ ಪೆಟ್ರೋಲ್ ತೊಟ್ಟಿಕ್ಕಿ ಅಧ್ಯಕ್ಷರ ಹೊಸ ಬೂಟಿನ ಮೇಲೆ ಬಿದ್ದಿತ್ತು, ಅಂದಿನಿಂದ ವಿಮಾನ ನಿಂತರೆ ವಾಲ್ವು ಮುಚ್ಚಲೇಬೇಕು. ಚಹಾ ಮುಗಿಯಿತು. ಹತ್ತಿ ಕೂತರು. ಮೇಷ್ಟ್ರು ಮಗ್ಗಿ ಹೇಳಿದರು. ‘ಪೆಟ್ರೋಲ್ ತೆರೆದಿದೆ’ ಎಂದಾಗ ಎಡಗೈಯ ಬೆರಳು ಮುಚ್ಚಿದ ವಾಲ್ವಿನ ಮೇಲೆ ಕೂತು, ಎದ್ದು, ಮುಂದಿನದಕ್ಕೆ ಹೋಯಿತು. ಇಂಜಿನ್ ಬಿಸಿಯಿದೆ, ಮತ್ತೆ ವೇಗ ಏರಿಸಿ ನೋಡುವ ಪರೀಕ್ಷೆ ಯಾಕೆ ಎಂದರು. ಕೊಳವೆಯಲ್ಲಿ, ಕಾರ್ಬುರೇಟರಿನಲ್ಲಿ ಉಳಿದಿದ್ದ ಪೆಟ್ರೋಲಿನಲ್ಲೇ ಇಂಜಿನ್ ಎದ್ದಿತು, ಓಡಿತು, ನೆಲ ಬಿಟ್ಟಿತು. ನಾನೂರು ಅಡಿಯಲ್ಲಿ ಒಮ್ಮೆ ಕೆಮ್ಮಿ ನಿಂತುಹೋಯಿತು.

ಆಮೇಲಿನದು ನೆನಪಾದರೆ ಮೇಷ್ಟ್ರಿಗೆ ಕಾಣುವುದು ಕಿಟಕಿಯ ಮೂಲೆಯಲ್ಲಿದ್ದ ಒಂದು ಸತ್ತ ನೊಣ. ಸದ್ದು ನಿಂತಾಗ ಅವರು ಅದನ್ನೇ ನೋಡಿದರು. ಅದರ ಒಂದು ರೆಕ್ಕೆ ಗಾಳಿಗೆ ಅಲುಗುತ್ತಿತ್ತು. ಇಂಜಿನ್ ನಿಂತರೆ ಮೂಗು ತಗ್ಗಿಸು, ಎದುರಿಗೆ ಸಿಕ್ಕಿದ ಬಯಲಲ್ಲಿ ಇಳಿ, ಹಿಂದೆ ತಿರುಗಬೇಡ ಎಂದು ನೂರಾರು ಜನರಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವರು ಬರೆದದ್ದರಲ್ಲಿ ಒಂದಕ್ಷರವೂ ಹೊಳೆಯದೆ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಆ ನೊಣ ನೋಡುತ್ತ ಕೂತರು. ಮೂಗು ತಗ್ಗಿಸಿದವರು ಡಾಕ್ಟರಮ್ಮ. ಹೊಲ ಹುಡುಕಿದವರು, ಸ್ವಿಚ್ಚು ಆರಿಸಿದವರು, ಎಲೆಕೋಸಿನ ಸಾಲಿಗೆ ಸಮನಾಗಿ ಇಳಿಸಿದವರು ಎಲ್ಲ ಅವರೇ. ವಿಮಾನ ನಿಂತಮೇಲೆ ಮೇಷ್ಟ್ರು ಆಡಿದ ಮೊದಲ ಮಾತು ‘ಬಾಗಿಲು ಭದ್ರ’.

ಹನ್ನೊಂದು ಗಂಟೆಗೆ ಅವರು ಕ್ಲಬ್ಬಿಗೆ ಬಂದಾಗ ಶೆಡ್ಡಿನಲ್ಲಿ ಸ್ಪ್ಯಾನರಣ್ಣ ಬಿಳಿ ಬಟ್ಟೆ ಹಾಸಿಕೊಂಡು ಕೂತಿದ್ದ. ಕ್ಲಬ್ಬಿನ ಮೆಕ್ಯಾನಿಕ್, ಮೇಷ್ಟ್ರಿಗಿಂತ ಐದು ವರ್ಷ ಹಿರಿಯ. ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಬಟ್ಟೆಯ ಮೇಲೆ ಕಾರ್ಬುರೇಟರಿನ ಭಾಗಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿದ್ದ. ಬಿಚ್ಚಿದ್ದನ್ನು ಮೂರು ದಿನದಲ್ಲಿ ನಾಲ್ಕು ಸಲ ಜೋಡಿಸಿ ಮತ್ತೆ ಬಿಚ್ಚಿದ್ದ. ಮೇಷ್ಟ್ರನ್ನು ಕಂಡೊಡನೆ ಎದ್ದು, ಬೆರಳ ತುದಿಯನ್ನು ಅವರ ಮೂಗಿನ ಹತ್ತಿರ ಹಿಡಿದ.

‘ಸಿಕ್ತು ಮೇಷ್ಟ್ರೇ.’

ಬೆರಳ ಮೇಲೆ ಸಾಸಿವೆ ಕಾಳಿನ ಕಾಲುಭಾಗದಷ್ಟು ಏನೋ ಕಪ್ಪಗಿತ್ತು.

‘ಏನದು?’

‘ಕಸ. ಇದೇ ಹೋಗಿ ಅಡ್ಡ ಕೂತಿರ್ಬೇಕು. ಬೇರೆ ಏನೂ ಇಲ್ಲ, ಎಲ್ಲ ಸರಿಯಾಗಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಕಸ ಬಿಟ್ಟಿರಲಿಲ್ಲ ನಾನು. ಕಣ್ಣು ಮಂಜಾಯ್ತು ಅನ್ಸುತ್ತೆ. ನಿಮ್ಮನ್ನ ಕೊಂದುಬಿಡ್ತಿದ್ದೆ ಮೇಷ್ಟ್ರೇ.’

‘ಇಷ್ಟು ಕಸಕ್ಕೆ ಇಂಜಿನ್ ನಿಲ್ಲಲ್ಲ ಕಣಪ್ಪ’ ಎಂದರು ಮೇಷ್ಟ್ರು. ಇದು ನಿಜವೇ. ನಿಜದ ಮುಂದಿನ ವಾಕ್ಯವೂ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸ್ಪ್ಯಾನರಣ್ಣ, ‘ಸಮಾಧಾನಕ್ಕೆ ಹೇಳ್ತೀರಿ ನೀವು. ಅನ್ನ ಇಳೀತಿಲ್ಲ. ಮನೇಲಿ ಹೊಟ್ಟೆನೋವು ಅಂದಿದೀನಿ’ ಎಂದು ಆ ಕಸವನ್ನು ಒಂದು ಬೆಂಕಿಪೊಟ್ಟಣದೊಳಗೆ ಜೋಪಾನವಾಗಿ ಹಾಕಿ, ಜೇಬಿಗೆ ಇಳಿಸಿದ. ತನಿಖೆಯವರಿಗೆ ಕೊಡಲಂತೆ. ಕೊಟ್ಟರೆ ಕೆಲಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಮೇಷ್ಟ್ರಿಗೆ ನಾಚಿಕೆಯಾಯಿತು, ಎಷ್ಟೆಂದರೆ ಅವನ ಮುಖ ನೋಡಲಾಗದೆ ಗೋಡೆಯ ಮೇಲೆ ಅಳತೆಗನುಗುಣವಾಗಿ ತೂಗುಹಾಕಿದ್ದ ಸ್ಪ್ಯಾನರುಗಳನ್ನು ಎಣಿಸಿದರು. ಹದಿನಾರಿದ್ದವು. ಎಣಿಸಿ ಮುಗಿಸುವ ಹೊತ್ತಿಗೆ ಹೇಳುವ ಗಳಿಗೆ ದಾಟಿಹೋಗಿತ್ತು, ಮತ್ತು ಅದು ದಾಟಿದ್ದಕ್ಕೆ ಒಳಗೆ ಎಲ್ಲೋ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ತನಿಖಾಧಿಕಾರಿ ಆಫೀಸಿನ ಕೋಣೆಯಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದರು. ಎದ್ದು ನಿಂತು ಕೈಕುಲುಕಿದರು. ಹಾಗೆ ಎದ್ದು ನಿಲ್ಲುವ ಅಭ್ಯಾಸ ಅವರಿಗೆ ಇದ್ದಂತೆ ಕಾಣಲಿಲ್ಲ. ‘ಇಪ್ಪತ್ತು ವರ್ಷದಿಂದ ಇಂಥ ಕೇಸು ನೋಡ್ತಿದೀನಿ ಸರ್. ಇಂಜಿನ್ ನಿಂತ ಮೇಲೆ, ನೆಲಕ್ಕೆ ತಾಗೋ ಮೊದಲು ಪೆಟ್ರೋಲ್ ವಾಲ್ವು ಮುಚ್ಚಬೇಕು ಅಂತ ಪುಸ್ತಕದಲ್ಲಿದೆ, ಬೆಂಕಿ ಹತ್ತಬಾರದು ಅಂತ. ಒಬ್ಬರೂ ಮುಚ್ಚಿರಲ್ಲ! ಪ್ರಾಣಭಯದಲ್ಲಿ ಎಲ್ಲಿ ನೆನಪಿರುತ್ತೆ? ನಾನು ಹೊಲಕ್ಕೆ ಹೋಗಿ ವಿಮಾನದೊಳಗೆ ಬಗ್ಗಿ ನೋಡ್ತೀನಿ, ವಾಲ್ವು ಮುಚ್ಚಿದೆ! ನನಗೆ ರೋಮಾಂಚನ ಆಯ್ತು.’ ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತರು. ‘ಡಾಕ್ಟರಮ್ಮನೂ ಹಾಗೇ ಹೇಳಿಕೆ ಕೊಟ್ಟಿದಾರೆ. ಅವರು ವಾಲ್ವಿಗೆ ಕೈ ಹಾಕೋ ಅಷ್ಟರಲ್ಲಿ ನೀವು ಮುಚ್ಚೇ ಬಿಟ್ಟಿದ್ರಂತೆ. ನೀವು ಮಾಡಿದ್ದು ಕಾಣಿಸಲೇ ಇಲ್ಲ, ಅಷ್ಟು ಚುರುಕು ಅಂದ್ರು.’ ಹಾಗೆನ್ನುತ್ತ ಫಾರಮ್ಮು ಮುಂದಿಟ್ಟರು. ಅದರಲ್ಲಿ ಮೂವತ್ತೊಂದು ಪ್ರಶ್ನೆಗಳಿದ್ದವು. ಹತ್ತೊಂಬತ್ತನೆಯದು: ವಿಮಾನ ನೆಲ ಮುಟ್ಟುವ ಮೊದಲು ವಾಲ್ವು ಮುಚ್ಚಿತ್ತೇ? ಮೇಷ್ಟ್ರು ಅದನ್ನು ಮೂರು ಸಲ ಓದಿದರು. ಮುಚ್ಚಿತ್ತು. ಖಂಡಿತವಾಗಿ ಮುಚ್ಚಿತ್ತು, ನೆಲ ಬಿಡುವ ಮೊದಲೂ ಮುಚ್ಚಿತ್ತು, ಆದರೆ ಅದನ್ನು ಮೂವತ್ತೊಂದರಲ್ಲಿ ಒಂದು ಪ್ರಶ್ನೆಯೂ ಕೇಳಿರಲಿಲ್ಲ. ‘ಹೌದು’ ಎಂದು ಬರೆದರು. ಜೀವನದಲ್ಲಿ ಇಷ್ಟು ನಿಜವಾದ ಮಾತು ಬರೆದು ಇಷ್ಟು ಸುಳ್ಳು ಹೇಳಿದ್ದು ಇದೇ ಮೊದಲು. ಸಹಿಯೂ ಚೆನ್ನಾಗಿಯೇ ಬಂತು.

‘ಹಾಗಾದ್ರೆ ಉಳಿದದ್ದು ಮೆಕ್ಯಾನಿಕ್ಕು’ ಎಂದರು ಅಧಿಕಾರಿ, ಬಿಸ್ಕತ್ತಿನ ಪುಡಿ ಕೊಡವುತ್ತ. ‘ಅಧ್ಯಕ್ಷರು ಕೆಲಸದಿಂದ ತೆಗೆಯೋ ಪತ್ರ ಟೈಪ್ ಮಾಡಿಸಿದಾರೆ. ಸನ್ಮಾನ ಮುಗಿದ ಮೇಲೆ ಕೊಡ್ತಾರಂತೆ. ಮೊದಲೇ ಕೊಟ್ರೆ ಕುರ್ಚಿ ಹಾಕೋಕೆ ಜನ ಇಲ್ಲ.’

ನಾಲ್ಕು ಗಂಟೆಗೆ ರನ್‌ವೇಯ ಬದಿಯಲ್ಲಿ ಶಾಮಿಯಾನ ಎದ್ದಿತ್ತು, ಕುರ್ಚಿ ಹಾಕಿದವನು ಸ್ಪ್ಯಾನರಣ್ಣ. ಬ್ಯಾನರಿನ ಮೇಲೆ ಮೇಷ್ಟ್ರು, ಎದೆಯ ಮೇಲೆ ಎಲೆಕೋಸು. ಅತ್ತೆ ಮೂಲ ಎಲೆಕೋಸನ್ನೇ ಮನೆಯಿಂದ ತಂದು ವೇದಿಕೆಯ ಮೇಜಿನ ಮೇಲೆ, ಹೂವಿನ ಗುಚ್ಛದ ಪಕ್ಕ ಇರಿಸಿದ್ದರು. ಅದರ ಹೊರಗಿನ ಎಲೆಗಳು ಬಾಡಿ ಹಳದಿಯಾಗಿದ್ದವು. ಅಧ್ಯಕ್ಷರು ಧೈರ್ಯದ ಬಗ್ಗೆ ಮಾತಾಡಿದರು. ಅವರು ಒಮ್ಮೆಯೂ ಪುಟ್ಟ ವಿಮಾನ ಹತ್ತಿದವರಲ್ಲ, ಕಿವಿ ಕಟ್ಟುತ್ತದಂತೆ. ಆಮೇಲೆ ಹಲ್ಲಿನ ಡಾಕ್ಟರಮ್ಮ ಮೈಕಿನ ಮುಂದೆ ನಿಂತರು. ‘ಎಲ್ಲರೂ ನಾನು ಇಳಿಸಿದೆ ಅಂತಾರೆ. ಅಲ್ಲ. ಇಂಜಿನ್ ನಿಂತಾಗ ನಾನು ಸರ್ ಮುಖ ನೋಡಿದೆ. ಒಂದು ಗೆರೆ ಅಲುಗಿರಲಿಲ್ಲ. ಎರಡು ಕೈನೂ ತೊಡೆ ಮೇಲಿಟ್ಕೊಂಡು ಆರಾಮವಾಗಿ ಕೂತಿದ್ರು. ಇವರು ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟಿದಾರಲ್ಲ ಅನ್ನಿಸ್ತು, ಇಳಿಸಿಬಿಟ್ಟೆ.’ ಜನ ಚಪ್ಪಾಳೆ ತಟ್ಟಿದರು. ಅತ್ತೆ ಕಣ್ಣೊರೆಸಿಕೊಂಡರು. ಮೇಷ್ಟ್ರಿಗೆ ಆ ನೊಣ ಕಂಡಿತು. ಮುಂದಿನ ಸಾಲಿನಲ್ಲಿ ಹೆಂಡತಿ ಮಾತ್ರ ಚಪ್ಪಾಳೆ ನಿಲ್ಲಿಸಿ, ತಲೆ ಓರೆ ಮಾಡಿ ಅವರನ್ನೇ ನೋಡುತ್ತಿದ್ದಳು. ಗಂಡ ಆರಾಮವಾಗಿ ಕೂತದ್ದನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

ಫಲಕ ಕೈಗೆ ಬಂತು. ಗಾಜಿನದು, ಭಾರವಾಗಿತ್ತು. ಅದನ್ನು ಹಿಡಿದುಕೊಂಡೇ ಮೇಷ್ಟ್ರು ಮೈಕಿಗೆ ಬಾಗಿದರು. ಕೊನೆಯ ಸಾಲಿನ ಹಿಂದೆ ಸ್ಪ್ಯಾನರಣ್ಣ ನಿಂತಿದ್ದ, ಎಣ್ಣೆಯ ಕಲೆಯಿಲ್ಲದ ಒಂದು ಅಂಗಿ ಹಾಕಿಕೊಂಡು. ಜೇಬಿನಲ್ಲಿ ಬೆಂಕಿಪೊಟ್ಟಣ ಉಬ್ಬಿತ್ತು.

‘ವಾಲ್ವು ನಾನು ಆಕಾಶದಲ್ಲಿ ಮುಚ್ಚಲಿಲ್ಲ’ ಎಂದರು ಮೇಷ್ಟ್ರು. ‘ಚಹಾಕ್ಕೆ ಇಳಿದಾಗ ಮುಚ್ಚಿದ್ದೆ, ತೆರೆಯೋದು ಮರೆತೆ. ಇಂಜಿನ್ ನಿಂತದ್ದು ಅದಕ್ಕೇ. ಮೆಕ್ಯಾನಿಕ್ಕಿಂದು ತಪ್ಪಿಲ್ಲ. ತಪ್ಪು ನಂದು.’

ಮೇಷ್ಟ್ರ ಎದೆ ಹಗುರಾಗತೊಡಗಿತು. ಅಷ್ಟರಲ್ಲಿ ಯಾರೋ ಒಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ನೋಡನೋಡುತ್ತ ಎಲ್ಲರೂ ಎದ್ದರು. ಅಧ್ಯಕ್ಷರು ಮೈಕು ಕಸಿದುಕೊಂಡು, ‘ನೋಡಿದ್ರಾ? ನೋಡಿದ್ರಾ ದೊಡ್ಡಗುಣ? ಕೈಕೆಳಗಿನವನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ಳೋರು ಈ ಕಾಲದಲ್ಲಿ ಎಲ್ಲಿದ್ದಾರೆ?’ ಎಂದರು. ತನಿಖಾಧಿಕಾರಿ ತಲೆಯಾಡಿಸುತ್ತ ಪಕ್ಕದವರಿಗೆ, ‘ಬರವಣಿಗೆಯಲ್ಲಿ ಬೇರೆ ಇದೆ, ನನ್ನ ಹತ್ರ ಸಹಿ ಇದೆ’ ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಸಣ್ಣಗೆ ಕೇಳಿತು. ಮೇಷ್ಟ್ರು ‘ಇಲ್ಲ, ನಿಜವಾಗ್ಲೂ’ ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ಅವರು ಎಷ್ಟು ಅಲ್ಲಗಳೆದರೋ ಅಷ್ಟು ದೊಡ್ಡವರಾಗುತ್ತ ಹೋದರು. ಇನ್ನೆರಡು ಸಲ ಹೇಳಿದ್ದರೆ ರಸ್ತೆಗೆ ಅವರ ಹೆಸರಿಡುತ್ತಿದ್ದರೇನೋ. ಮತ್ತು ಹೇಳುವಾಗಲೇ, ಇವರು ನಂಬಲಾರರು ಎಂಬ ಭರವಸೆ ತಮ್ಮೊಳಗೆ ಎಲ್ಲೋ ಇತ್ತಲ್ಲವೇ ಎಂದು ಮೇಷ್ಟ್ರಿಗೆ ಅನುಮಾನವಾಯಿತು. ಇತ್ತು. ಅದು ಗೊತ್ತಾದಾಗ ಫಲಕವನ್ನು ಎಲೆಕೋಸಿನ ಪಕ್ಕ ಇಟ್ಟುಬಿಟ್ಟರು.

ವೇದಿಕೆಯ ಮೆಟ್ಟಿಲ ಬಳಿ ಸ್ಪ್ಯಾನರಣ್ಣ ಬಂದು ಅವರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ‘ನನಗೋಸ್ಕರ ಇಷ್ಟು ಜನರ ಮುಂದೆ ಸುಳ್ಳು ಹೇಳಿದ್ರಲ್ಲ ಮೇಷ್ಟ್ರೇ. ಕೆಲಸ ಹೋದ್ರೂ ಇದನ್ನ ಮರೆಯಲ್ಲ.’

ಆ ಕೈಯನ್ನೇ ಹಿಡಿದ. ಮೇಷ್ಟ್ರಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು, ತಮ್ಮ ಮೇಲೆ, ಇವನ ಮೇಲೆ, ಆ ಎಲೆಕೋಸಿನ ಮೇಲೆ. ‘ಬಾ ಇಲ್ಲಿ’ ಎಂದು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೊರಟರು. ಇಪ್ಪತ್ತು ಹೆಜ್ಜೆ ಆಚೆ, ಶಾಮಿಯಾನಕ್ಕೆ ಬಾಲ ಮಾಡಿಕೊಂಡು ಕ್ಲಬ್ಬಿನ ಎರಡನೆಯ ವಿಮಾನ ನಿಂತಿತ್ತು, ಬಿದ್ದ ವಿಮಾನದ ಜೋಡಿ. ಚಕ್ರಗಳಿಗೆ ಮರದ ತುಂಡು ಅಡ್ಡ ಇಟ್ಟಿದ್ದು ಗಟ್ಟಿಯಾಗಿದೆಯೇ ಎಂದು ಮೇಷ್ಟ್ರು ಕಾಲಿನಿಂದ ಒದ್ದು ನೋಡಿದರು. ಹತ್ತಿ ಬಲಗಡೆಯ ತಮ್ಮ ಸೀಟಿನಲ್ಲಿ ಕೂತರು, ಸ್ಪ್ಯಾನರಣ್ಣನನ್ನು ಎಡಕ್ಕೆ ಕೂರಿಸಿದರು. ಜನ ಇದೂ ಕಾರ್ಯಕ್ರಮದ ಒಂದು ಭಾಗವೆಂದುಕೊಂಡು ಕುರ್ಚಿ ತಿರುಗಿಸಿಕೊಂಡರು.

‘ಬಾಗಿಲು ಭದ್ರ, ಬೆಲ್ಟು ಬಿಗಿ, ಬ್ರೇಕು ಹಿಡಿದಿದೆ, ಪೆಟ್ರೋಲ್ ತೆರೆದಿದೆ’ ಎಂದರು ಮೇಷ್ಟ್ರು ಒಂದೇ ಉಸಿರಿಗೆ. ಬೆರಳು ಕೆಂಪು ವಾಲ್ವಿನ ಮೇಲೆ ಕೂತು ಎದ್ದಿತು. ಸ್ಪ್ಯಾನರಣ್ಣನ ಕಣ್ಣು ಅಲ್ಲಿಗೆ ಹೋಯಿತು. ವಾಲ್ವು ಮುಚ್ಚಿತ್ತು. ಅಭ್ಯಾಸಬಲದಿಂದ ಅವನ ಕೈ ಮುಂದೆ ಬಂತು.

‘ಬಿಡು. ಅವತ್ತೂ ಹೀಗೇ ಇತ್ತು.’

ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಎಂಥ ಚೆಂದದ ಸದ್ದು, ಒಂದಿಷ್ಟೂ ಕೊಂಕಿಲ್ಲ. ಮೊದಲ ನಿಮಿಷ ಹಾಗೇ ನಿಧಾನವಾಗಿ ಓಡಿತು. ಕ್ಯಾಂಟೀನಿನಿಂದ ರನ್‌ವೇಗೆ ಬರಲು ಅಂದು ಅಷ್ಟೇ ಹೊತ್ತು ಹಿಡಿದಿತ್ತು. ಆಮೇಲೆ ಮೇಷ್ಟ್ರು ಪೂರ್ತಿ ವೇಗ ಕೊಟ್ಟರು. ಹಿಂದೆ ಶಾಮಿಯಾನ ಉಬ್ಬಿತು. ಬ್ಯಾನರು ಒಂದು ಕಡೆ ಕಿತ್ತು ಮೇಷ್ಟ್ರ ಮುಖ ಮಡಚಿಕೊಂಡಿತು. ಅಧ್ಯಕ್ಷರ ಭಾಷಣದ ಹಾಳೆಗಳು, ಟೈಪಾದ ಆ ಪತ್ರವೂ ಸೇರಿ, ಹುಲ್ಲಿನ ಮೇಲೆ ಓಡಿದವು. ಎಲೆಕೋಸು ಮೇಜಿನಿಂದ ಉರುಳಿ ತನಿಖಾಧಿಕಾರಿಯ ಕಾಲ ಬುಡಕ್ಕೆ ಹೋಗಿ ನಿಂತಿತು. ಮೇಷ್ಟ್ರು ಇದೊಂದನ್ನೂ ನೋಡಲಿಲ್ಲ. ಅವರು ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದರು. ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದರು, ನಿಲ್ಲದಿರಲಿ ಎಂದೂ. ನಿಲ್ಲದಿದ್ದರೆ ಆ ಕಸವೇ ಕಾರಣವಾಗಿ, ತಾವು ನಿಜಕ್ಕೂ ದೊಡ್ಡ ಮನುಷ್ಯರಾಗಿ ಮನೆಗೆ ಹೋಗಬಹುದಲ್ಲ. ಇಪ್ಪತ್ತು ಸೆಕೆಂಡು. ಮೂವತ್ತು. ಡಾಕ್ಟರಮ್ಮ ಹುಲ್ಲಿನ ಮೇಲೆ ನಿಂತು ಕೈಗಡಿಯಾರ ನೋಡುತ್ತಿದ್ದರು.

ಇಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು.

ಡಾಕ್ಟರಮ್ಮ ಗಡಿಯಾರದಿಂದ ತಲೆಯೆತ್ತಿದರು. ಅವರ ಮುಖದಿಂದ ಮೂರು ದಿನದ ಭಕ್ತಿ ಇಳಿದುಹೋಗುವುದು ಅಷ್ಟು ದೂರದಿಂದಲೂ ಕಂಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲೋ ಒಂದು ಮಡಚುವ ಕುರ್ಚಿ ಕಿರುಗುಟ್ಟಿತು. ಮೇಷ್ಟ್ರು ಪಕ್ಕಕ್ಕೆ ತಿರುಗಿದರು. ಸ್ಪ್ಯಾನರಣ್ಣ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ತೆರೆದು, ಒಳಗಿನ ಕಸವನ್ನು ನೋಡಿ, ಕಿಟಕಿಯಾಚೆ ಕೊಡವಿದ. ಅವನು ಸಂತೋಷಪಡುತ್ತಾನೆಂದು ಮೇಷ್ಟ್ರು ಎಣಿಸಿದ್ದರು; ಕ್ಷಮಿಸುತ್ತಾನೆಂದೂ ಎಣಿಸಿದ್ದಿರಬೇಕು. ಅವನ ಮುಖದಲ್ಲಿ ಎರಡೂ ಇರಲಿಲ್ಲ.

‘ಮೂರು ದಿನ, ಮೇಷ್ಟ್ರೇ’ ಎಂದ.

‘ಹೌದಪ್ಪ’ ಎಂದರು ಮೇಷ್ಟ್ರು.

ಸ್ಪ್ಯಾನರಣ್ಣ ದಾರಕ್ಕೆ ತೂಗುತ್ತಿದ್ದ ಪಟ್ಟಿಯನ್ನು ಬಿಚ್ಚಿ, ಅದರ ಮೇಲಿನ ಧೂಳನ್ನು ತನ್ನ ಕಲೆಯಿಲ್ಲದ ಅಂಗಿಗೆ ಒರೆಸಿ, ಅವರ ತೊಡೆಯ ಮೇಲಿಟ್ಟ.

‘ಮೊದಲಿಂದ ಹೇಳಿ. ನೋಡ್ಕೊಂಡು ಹೇಳಿ. ಒಂದೊಂದಕ್ಕೂ ಕೈಯಿಟ್ಟು ಹೇಳಿ.’

ಇಡೀ ಕ್ಲಬ್ಬು ನೋಡುತ್ತಿತ್ತು. ಮೇಷ್ಟ್ರು ಕನ್ನಡಕ ಹುಡುಕಿ ಹಾಕಿಕೊಂಡರು. ಅಕ್ಷರಗಳು ಅವರು ನೆನೆದದ್ದಕ್ಕಿಂತ ಸಣ್ಣವಾಗಿದ್ದವು. ‘ಬಾಗಿಲು’ ಎಂದು ಓದಿ, ಕೈ ಚಾಚಿ ತಳ್ಳಿ ನೋಡಿದರು. ಅವಸರದಲ್ಲಿ ಹತ್ತಿದವರು ಸರಿಯಾಗಿ ಮುಚ್ಚಿರಲಿಲ್ಲ; ಬಾಗಿಲು ತೆರೆದುಕೊಂಡಿತು.